ಪೆಟ್ರೋಲ್ ಮಾಡೆಲ್ ವಿಮಾನಕ್ಕೆ ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಪೆಟ್ರೋಲ್ ಎಂಜಿನ್ನಿನ ಮಾಡೆಲ್ ವಿಮಾನ ಕಟ್ಟುವವರು ಎಂಜಿನ್ನು, ಪ್ರೊಪೆಲ್ಲರ್, ರೆಕ್ಕೆ-ಬಾಲದ ಫಲಕ ತಿರುಗಿಸುವ ಸರ್ವೋ ಮೋಟಾರು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಟ್ಯಾಂಕಿನ ವಿಷಯ ಬಂದಾಗ ಮಾತ್ರ ‘ಒಳಗೆ ಹಿಡಿಸುವಷ್ಟು ದೊಡ್ಡದು ಹಾಕಿಬಿಡೋಣ’ ಎಂದು ಮುಗಿಸುತ್ತಾರೆ. ಪೆಟ್ರೋಲ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಹಾಗಲ್ಲ. ಟ್ಯಾಂಕನ್ನು ಜಾಗ ನೋಡಿ ಆರಿಸಬಾರದು, ನಿಮಿಷ ಎಣಿಸಿ ಆರಿಸಬೇಕು.

ನಮ್ಮಲ್ಲಿ ಹಲವರು ಹಾರಿಸುವ 50 ಸಿಸಿ ಟು-ಸ್ಟ್ರೋಕ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಪೂರ್ತಿ ಥ್ರಾಟಲ್ ಕೊಟ್ಟಾಗ ಅದರ ಬಲ ಸುಮಾರು 5 ಎಚ್‌ಪಿ, ಅಂದರೆ 3.7 ಕಿಲೋವ್ಯಾಟ್. ಇಂಥ ಚಿಕ್ಕ ಟು-ಸ್ಟ್ರೋಕ್ ಎಂಜಿನ್ನುಗಳು ಪೆಟ್ರೋಲನ್ನು ಸ್ವಲ್ಪ ಪೋಲು ಮಾಡುತ್ತವೆ. ಸಿಲಿಂಡರಿಗೆ ಬಂದ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಒಂದು ಕಿಲೋವ್ಯಾಟ್ ಬಲವನ್ನು ಒಂದು ಗಂಟೆ ಕೊಡಲು ಅರ್ಧ ಕೆಜಿಗಿಂತ ತುಸು ಹೆಚ್ಚೇ ಬೇಕು, 550 ಗ್ರಾಂ ಎಂದಿಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಗಂಟೆಗೆ 2 ಕೆಜಿ, ನಿಮಿಷಕ್ಕೆ 34 ಗ್ರಾಂ. ಪೆಟ್ರೋಲಿನ ತೂಕ ಲೀಟರಿಗೆ ಸುಮಾರು 740 ಗ್ರಾಂ ಇರುವುದರಿಂದ ಅದು 46 ಮಿಲಿ ಆಯಿತು.

ಒಂದು ಹಾರಾಟ ಹತ್ತು ನಿಮಿಷದ್ದು ಎಂದಿಟ್ಟುಕೊಳ್ಳಿ. ಆದರೆ ಆ ಹತ್ತು ನಿಮಿಷವೂ ಪೂರ್ತಿ ಥ್ರಾಟಲ್‌ನಲ್ಲಿ ಯಾರೂ ಹಾರಿಸುವುದಿಲ್ಲ. ಏರುವಾಗ ಪೂರ್ತಿ, ನೇರ ಹಾರುವಾಗ ಅರ್ಧ, ಇಳಿಯುವಾಗ ಐಡಲ್. ಸಾಮಾನ್ಯ ಹಾರಾಟದ ಸರಾಸರಿಯನ್ನು ನಿಮಿಷಕ್ಕೆ 25 ಮಿಲಿ ಎಂದು ಹಿಡಿಯಬಹುದು. ಮೂಗು ಮೇಲೆತ್ತಿ ಗಾಳಿಯಲ್ಲಿ ನಿಲ್ಲಿಸುವ ಆಟ ಆಡುವವರಿಗೆ ಇನ್ನೂ ಹೆಚ್ಚು ಬೇಕು.

ಹತ್ತು ನಿಮಿಷಕ್ಕೆ 250 ಮಿಲಿ ಆಯಿತು. ಇದರ ಮೇಲೆ ಉಳಿಕೆ ಬೇಕೇ ಬೇಕು. ಇಳಿಸಲು ಬಂದಾಗ ರನ್‌ವೇ ಮೇಲೆ ಇನ್ನೊಬ್ಬರ ವಿಮಾನ ನಿಂತಿರಬಹುದು, ಗಾಳಿ ದಿಕ್ಕು ಬದಲಿಸಿರಬಹುದು. ಬೆಂಗಳೂರಿನಲ್ಲಿ ಆಷಾಢದ ಗಾಳಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಜೂನ್, ಜುಲೈ ತಿಂಗಳಲ್ಲಿ ಪಶ್ಚಿಮದಿಂದ ನುಗ್ಗುವ ಗಾಳಿಗೆ ಎದುರಾಗಿ ವಿಮಾನ ತರಲು ಥ್ರಾಟಲ್ ಕೊಡಲೇಬೇಕು, ಒಂದೆರಡು ಸಲ ಮತ್ತೆ ಸುತ್ತು ಹೊಡೆಯಬೇಕಾಗುತ್ತದೆ. ಆದ್ದರಿಂದ ಉಳಿಕೆಯನ್ನು ಸರಾಸರಿಯಲ್ಲಿ ಎಣಿಸಬೇಡಿ, ಪೂರ್ತಿ ಥ್ರಾಟಲ್‌ನ ಲೆಕ್ಕದಲ್ಲೇ ಎಣಿಸಿ. ನಾಲ್ಕು ನಿಮಿಷಕ್ಕೆ ಸುಮಾರು 185 ಮಿಲಿ. ಒಟ್ಟು 435.

ಟ್ಯಾಂಕಿನಲ್ಲಿ ಇರುವುದೆಲ್ಲಾ ಎಂಜಿನ್ನಿಗೆ ಸಿಗುವುದೂ ಇಲ್ಲ. ಒಳಗೆ ಬಳುಕುವ ಕೊಳವೆಯೊಂದಿದ್ದು, ಅದರ ತುದಿಯಲ್ಲಿ ಕ್ಲಂಕ್ ಎಂಬ ಲೋಹದ ತೂಕ ಇರುತ್ತದೆ. ವಿಮಾನ ಮಗುಚಿದರೂ ಪೆಟ್ರೋಲ್ ಇರುವ ಕಡೆಗೇ ಅದು ಬೀಳುತ್ತದೆ. ಆದರೆ ಪೆಟ್ರೋಲ್ ತಳ ಮುಟ್ಟಿದಾಗ ಒಂದು ತಿರುವಿನಲ್ಲಿ ಅದೆಲ್ಲಾ ಪಕ್ಕಕ್ಕೆ ಸರಿದು, ಕ್ಲಂಕ್ ಗಾಳಿ ಎಳೆಯುತ್ತದೆ. ಒಂದೇ ಒಂದು ದೊಡ್ಡ ಗುಳ್ಳೆ ಸಾಕು, ಎಂಜಿನ್ನು ನಿಲ್ಲುತ್ತದೆ. ಅದಕ್ಕೇ ಕೊನೆಯ ಶೇ. 10 ಭಾಗ ಇಲ್ಲವೆಂದೇ ತಿಳಿಯಬೇಕು. ಈಗ ನಮ್ಮ ಲೆಕ್ಕ 480 ಮಿಲಿ ಹತ್ತಿರ ಬಂತು. ಟ್ಯಾಂಕುಗಳ ಮೇಲೆ ಅಳತೆ ಹೆಚ್ಚಾಗಿ ಅಮೆರಿಕದ ಔನ್ಸಿನಲ್ಲಿರುತ್ತದೆ, ಒಂದು ಔನ್ಸ್ ಅಂದರೆ 29.6 ಮಿಲಿ. 16 ಔನ್ಸಿನ ಟ್ಯಾಂಕು 473 ಮಿಲಿ. 50 ಸಿಸಿ ವಿಮಾನ ಹಾರಿಸುವವರು 16ರಿಂದ 24 ಔನ್ಸ್ ಹಾಕುವುದು ಸುಮ್ನೆ ಅಲ್ಲ.

ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಹೊತ್ತಿಸುವ ಗ್ಲೋ ಎಂಜಿನ್ನಿನಿಂದ ಪೆಟ್ರೋಲಿಗೆ ಬಂದವರಿಗೆ ಈ ಅಂಕಿ ಚಿಕ್ಕದಾಗಿ ಕಾಣುತ್ತದೆ. ಗ್ಲೋ ಇಂಧನದ ಮುಖ್ಯ ಭಾಗ ಮೆಥನಾಲ್. ಒಂದು ಕೆಜಿ ಮೆಥನಾಲ್‌ನಲ್ಲಿ ಸುಮಾರು 20 ಮೆಗಾಜೌಲ್ ಶಕ್ತಿ ಇದ್ದರೆ ಪೆಟ್ರೋಲಿನಲ್ಲಿ 43-44. ಹಾಗಾಗಿ ಹಳೆಯ ಅಂದಾಜನ್ನೇ ಇಲ್ಲಿ ಹಿಡಿದರೆ ಟ್ಯಾಂಕು ಬೇಕಾದ್ದಕ್ಕಿಂತ ದುಪ್ಪಟ್ಟಾಗುತ್ತದೆ.

ಆದರೇನಂತೆ ಎಂದು ಕೇಳಬಹುದು. ತೊಂದರೆ ಇರುವುದು ಬರೀ ತೂಕದಲ್ಲಲ್ಲ, ತೂಕ ಕೂರುವ ಜಾಗದಲ್ಲಿ. ಪೆಟ್ರೋಲ್ ಇಲ್ಲದೆ ಏಳೂವರೆ ಕೆಜಿ ತೂಗುವ ವಿಮಾನ, ಅದರ ತೂಕದ ಕೇಂದ್ರಕ್ಕಿಂತ 25 ಸೆಂ.ಮೀ. ಮುಂದೆ ಟ್ಯಾಂಕು ಎಂದುಕೊಳ್ಳಿ. 480 ಮಿಲಿ ಪೆಟ್ರೋಲ್ ಅಂದರೆ 350 ಗ್ರಾಂ. ಅದು ಖಾಲಿಯಾಗುವಷ್ಟರಲ್ಲಿ ಕೇಂದ್ರ 1 ಸೆಂ.ಮೀ.ಗೂ ಹೆಚ್ಚು ಹಿಂದಕ್ಕೆ ಸರಿಯುತ್ತದೆ. ಟ್ಯಾಂಕು ಇಮ್ಮಡಿಯಾದರೆ 2 ಸೆಂ.ಮೀ. ದಾಟುತ್ತದೆ. ಬಾಲ ಭಾರವಾದ ವಿಮಾನ ಎಲಿವೇಟರಿಗೆ, ಅಂದರೆ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಫಲಕಕ್ಕೆ, ಅತಿಯಾಗಿ ಕುಣಿಯುತ್ತದೆ, ಅದೂ ಇಳಿಸುವ ಹೊತ್ತಿನಲ್ಲಿ, ಕೈ ಮೃದುವಾಗಿರಬೇಕಾದಾಗಲೇ. ತೂಕದ ಕೇಂದ್ರವನ್ನು ಯಾವಾಗಲೂ ಖಾಲಿ ಟ್ಯಾಂಕಿನಲ್ಲೇ ನೋಡಬೇಕು ಅನ್ನುವುದು ಇದಕ್ಕೇ. ಪೆಟ್ರೋಲ್ ಎಂಜಿನ್ನಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಇದರ ಕಾರ್ಬ್ಯುರೇಟರಿನಲ್ಲೇ ಪುಟ್ಟ ಪಂಪು ಇರುತ್ತದೆ, ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ಅದು ನಡೆಯುತ್ತದೆ. ಹಾಗಾಗಿ ಟ್ಯಾಂಕನ್ನು ಎಂಜಿನ್ನಿಗೆ ಅಂಟಿಸಿಯೇ ಇಡಬೇಕಾಗಿಲ್ಲ. ತೂಕದ ಕೇಂದ್ರದ ಮೇಲೆಯೇ ಕೂರಿಸಿದರೆ ಈ ಸಮಸ್ಯೆಯೇ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಬೆಂಗಳೂರಿನ ಲೆಕ್ಕ ಸ್ವಲ್ಪ ಬೇರೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿವನ್ನು ಹೊಂದಿಸಲು ಒಂದು ಸೂಜಿ ಇರುತ್ತದೆ. ಗಾಳಿ ಕಡಿಮೆಯಾದಾಗ ಸೂಜಿಯನ್ನು ಹಾಗೇ ಬಿಟ್ಟರೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ, ಮಿಶ್ರಣ ‘ರಿಚ್’ ಆಗುತ್ತದೆ. ಇನ್ನೊಂದು ಕಡೆ, ಬಂಕಿನಲ್ಲಿ ಈಗ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತದೆ. ಎಥನಾಲ್ ತಾನೇ ಆಮ್ಲಜನಕ ಹೊತ್ತು ತರುವುದರಿಂದ ಮಿಶ್ರಣ ‘ಲೀನ್’ ಆಗುವ ಕಡೆಗೆ ವಾಲುತ್ತದೆ. ಎರಡೂ ಪರಿಣಾಮ ಒಂದನ್ನೊಂದು ಬಹುಪಾಲು ತಿಂದುಹಾಕುತ್ತವೆ! ನನಗೆ ಇದು ಬಹಳ ಇಷ್ಟವಾದ ಸಂಗತಿ. ಆದರೂ ಸೂಜಿ ತಿರುಗಿಸುವುದು ಎಂಜಿನ್ನಿನ ಸದ್ದು ಕೇಳಿ, ಕಿವಿಯಿಂದಲೇ. ಟ್ಯಾಂಕಿನ ಮಟ್ಟಿಗೆ ನೆನಪಿಡಬೇಕಾದದ್ದು ಬೇರೆ: ಈ ಪೆಟ್ರೋಲಿನಲ್ಲಿ ಲೀಟರಿಗೆ ಶಕ್ತಿ ಶೇ. 6-7ರಷ್ಟು ಕಡಿಮೆ, ಖರ್ಚು ಅಷ್ಟು ಹೆಚ್ಚು. ಕೊಳವೆ, ಬಿರಡೆ ಪೆಟ್ರೋಲ್ ತಡೆಯುವ ರಬ್ಬರಿನವೇ ಆಗಿರಲಿ. ಗ್ಲೋ ಎಂಜಿನ್ನಿನ ಸಿಲಿಕೋನ್ ಕೊಳವೆ ಪೆಟ್ರೋಲಿನಲ್ಲಿ ಉಬ್ಬಿ ಹಾಳಾಗುತ್ತದೆ.

ದೊಡ್ಡ ಟ್ಯಾಂಕೇ ಸರಿ ಎನ್ನಿಸುವ ಹಾರಾಟವೂ ಒಂದಿದೆ. 2003ರ ಆಗಸ್ಟಿನಲ್ಲಿ ಅಮೆರಿಕದ ಮೇನಾರ್ಡ್ ಹಿಲ್ ಮತ್ತು ಗೆಳೆಯರ ಮಾಡೆಲ್ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ದಾಟಿತು. ಸುಮಾರು 3,000 ಕಿ.ಮೀ., 38 ಗಂಟೆ 52 ನಿಮಿಷ. ಒಟ್ಟು ತೂಕ 5 ಕೆಜಿ ಮೀರುವಂತಿರಲಿಲ್ಲ, ಅದರಲ್ಲಿ ಅರ್ಧದಷ್ಟು ಇಂಧನವೇ. ಆದರೂ ಅದು ಒಂದು ಗ್ಯಾಲನ್‌ಗಿಂತ ಕಡಿಮೆ. ಭಾಗಿಸಿ ನೋಡಿದರೆ ನಿಮಿಷಕ್ಕೆ 1.6 ಮಿಲಿ ಕೂಡ ಆಗುವುದಿಲ್ಲ. ಆ ತಂಡ ದುಡಿದದ್ದು ಟ್ಯಾಂಕು ಹಿಗ್ಗಿಸುವುದಕ್ಕಿಂತ ಹೆಚ್ಚಾಗಿ ನಿಮಿಷದ ಖರ್ಚು ಇಳಿಸುವುದಕ್ಕೆ.

ನಿಮ್ಮ ಎಂಜಿನ್ನಿನ ನಿಜವಾದ ಖರ್ಚು ತಿಳಿಯುವುದು ಸುಲಭ. ಟ್ಯಾಂಕು ತುಂಬಿಸಿ, ಏಳು ನಿಮಿಷ ಎಂದಿನಂತೆ ಹಾರಿಸಿ ಇಳಿಸಿ. ಮತ್ತೆ ತುಂಬಿಸುವಾಗ ಎಷ್ಟು ಹಿಡಿಯಿತೆಂದು ಅಳತೆಯ ಜಾಡಿಯಲ್ಲಿ ನೋಡಿ, ಏಳರಿಂದ ಭಾಗಿಸಿ. ಗಾಳಿ ಇರುವ ದಿನ ಒಮ್ಮೆ, ಇಲ್ಲದ ದಿನ ಒಮ್ಮೆ ಮಾಡಿದರೆ ಒಳ್ಳೆಯದು. ಎರಡರಲ್ಲಿ ದೊಡ್ಡ ಅಂಕಿಯನ್ನು ಹಿಡಿದು ಟ್ರಾನ್ಸ್‌ಮಿಟರಿನ ಟೈಮರ್ ಇಡಿ.