ನವಾಹೋ ಮಗ್ಗದ ಹಿಂದಿನ ಕುರಿಮಂದೆ

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಿಗೆ ಹಬ್ಬಿದ ಒಣ ಸೀಮೆ ನವಾಹೋ ಎಂಬ ಮೂಲನಿವಾಸಿ ಜನರದು. ಅವರು ನೇಯ್ದ ಹಳೆಯ ಕಂಬಳಿಗಳು ಇವತ್ತು ಹರಾಜಿನಲ್ಲಿ ಭಾರಿ ಬೆಲೆಗೆ ಹೋಗುತ್ತವೆ. ಕೊಳ್ಳುವವರ ಕಣ್ಣೆಲ್ಲ ವಿನ್ಯಾಸದ ಮೇಲೆ. ನನ್ನನ್ನು ಕೇಳಿದರೆ ಮೊದಲು ಕುರಿಯನ್ನು ನೋಡಬೇಕು.

ಕುರಿ ಅಲ್ಲಿಯ ಪ್ರಾಣಿಯೇ ಅಲ್ಲ. 1598ರಲ್ಲಿ ಹುವಾನ್ ದೆ ಒನ್ಯಾತೆ ಎಂಬ ಸ್ಪ್ಯಾನಿಷ್ ದಂಡನಾಯಕ ನ್ಯೂ ಮೆಕ್ಸಿಕೊಗೆ ಬಂದಾಗ ಮಂದೆಗಳೂ ಬಂದವು. ನವಾಹೋಗಳು ನೇಯ್ಗೆ ಕಲಿತದ್ದು ನೆರೆಯ ಪ್ಯೂಬ್ಲೊ ಜನರಿಂದ ಅನ್ನುತ್ತಾರೆ ಇತಿಹಾಸಕಾರರು. ತಮ್ಮ ಪುರಾಣದ ಜೇಡಹುಳುವಿನ ಅಜ್ಜಿ ಕಲಿಸಿದಳು ಅನ್ನುತ್ತಾರೆ ನವಾಹೋ ಹಿರಿಯರು. ಪ್ಯೂಬ್ಲೊಗಳಲ್ಲಿ ನೇಯುತ್ತಿದ್ದವರು ಹೆಚ್ಚಾಗಿ ಗಂಡಸರು, ನವಾಹೋಗಳಲ್ಲಿ ಹೆಂಗಸರು. ಕುರಿಗಳಲ್ಲೂ ಬಹುಪಾಲು ಹೆಂಗಸರ ಆಸ್ತಿಯೇ.

ಆ ಕುರಿಗಳಿಂದ ಬೆಳೆದ ತಳಿಯೇ ಚುರ್ರೋ. ಕೆಲವು ಟಗರುಗಳಿಗೆ ನಾಲ್ಕು ಕೊಂಬು! ಉಣ್ಣೆಯ ಎಳೆ ಉದ್ದ, ಜಿಡ್ಡು ಕಡಿಮೆ. ಜಿಡ್ಡಿಲ್ಲದಿದ್ದರೆ ತೊಳೆಯಲು ಜಾಸ್ತಿ ನೀರು ಬೇಡ. ನೀರೇ ಇಲ್ಲದ ಸೀಮೆಯಲ್ಲಿ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಬಿಳಿ, ಕಂದು, ಕಪ್ಪು ಬಣ್ಣಗಳು ಕುರಿಯ ಮೈಮೇಲೇ ಸಿಗುತ್ತಿದ್ದವು. ಗಾಢ ಕೆಂಪಿಗೆ ಮಾತ್ರ ವ್ಯಾಪಾರಿಗಳು ತಂದ ಬಟ್ಟೆಯ ಎಳೆ ಬಿಚ್ಚಿ ಮತ್ತೆ ನೇಯುತ್ತಿದ್ದರು.

1863-64ರಲ್ಲಿ ಅಮೆರಿಕದ ಸೈನ್ಯ ಕಿಟ್ ಕಾರ್ಸನ್ ಮುಂದಾಳತ್ವದಲ್ಲಿ ಬೆಳೆ ಸುಟ್ಟು, ಕುರಿ ಕೊಂದು, 8,000ಕ್ಕೂ ಹೆಚ್ಚು ಜನರನ್ನು ದೂರದ ಬಾಸ್ಕ್ ರೆಡಾಂಡೊ ಶಿಬಿರಕ್ಕೆ ನಡೆಸಿತು. 1868ರ ಒಪ್ಪಂದ ಅವರನ್ನು ಊರಿಗೆ ಬಿಟ್ಟಿತು. 15,000 ಕುರಿ-ಮೇಕೆ ಕೊಡಬೇಕೆಂದು ಅದರಲ್ಲೇ ಬರೆದಿತ್ತು. ಆಮೇಲೆ ರೈಲು ಬಂತು, ವ್ಯಾಪಾರಿಗಳ ಅಂಗಡಿ ಬಂತು, ಹೊದೆಯುವ ಕಂಬಳಿ ನೆಲದ ಹಾಸಾಯಿತು. ಗನಾಡೊದ ವ್ಯಾಪಾರಿ ಹಬೆಲ್‌ಗೆ ಕೆಂಪು ಬೇಕಿತ್ತು. ಟೂ ಗ್ರೇ ಹಿಲ್ಸ್ ಕಡೆಯವರು ಕುರಿಯ ಬಣ್ಣಗಳನ್ನೇ ನೆಚ್ಚಿಕೊಂಡರು.

ಮಂದೆ ಬೆಳೆಯಿತು, ಹುಲ್ಲುಗಾವಲು ಸವೆಯಿತು. 1930ರ ದಶಕದಲ್ಲಿ ಬರ ಬೇರೆ. ಕೊಚ್ಚಿಹೋಗುವ ಮಣ್ಣು ಕೊಲರಾಡೊ ನದಿಗೆ ಕಟ್ಟುತ್ತಿದ್ದ ಹೂವರ್ ಅಣೆಕಟ್ಟೆಯಲ್ಲಿ ಹೂಳಾಗುತ್ತದೆ ಎಂಬ ಭಯ ಸರ್ಕಾರಕ್ಕಿತ್ತು. ‘ಇಂಡಿಯನ್’ ಎಂದರೆ ಮೂಲನಿವಾಸಿಗಳ ವ್ಯವಹಾರಗಳ ಕಮಿಷನರ್ ಜಾನ್ ಕೋಲಿಯರ್ ಮಂದೆ ಇಳಿಸಲು ಹೊರಟ. ಮಣ್ಣು ಸವೆದದ್ದು ಸುಳ್ಳಲ್ಲ. ಆದರೆ ಮಂದೆಯ ಒಡತಿಯರನ್ನು ಯಾರೂ ಸರಿಯಾಗಿ ಕೇಳಲಿಲ್ಲ. ಮೇಕೆಗೆ ಒಂದು ಡಾಲರ್ ಲೆಕ್ಕದಲ್ಲಿ ಕೊಂಡರು. ಸಾಗಿಸಲಾಗದ್ದನ್ನು ಅಲ್ಲಲ್ಲೇ ಗುಂಡಿಟ್ಟು ಕೊಂದು ಕೊಳೆಯಲು ಬಿಟ್ಟರು. ನೂರಾರು ಕುರಿಯವರಿಗೂ ಹತ್ತಾರು ಕುರಿಯವರಿಗೂ ಒಂದೇ ಕತ್ತರಿ ಬಿದ್ದಾಗ ಬಡವರ ದೊಡ್ಡಿ ಮೊದಲು ಖಾಲಿಯಾಯಿತು. ಕೋಲಿಯರ್ ತಂದ ಸ್ವಯಮಾಡಳಿತ ಕಾಯ್ದೆಯನ್ನು ನವಾಹೋಗಳು 1935ರಲ್ಲಿ ಮತ ಹಾಕಿ ತಿರಸ್ಕರಿಸಿದರು. ಕುರಿ ಕಳೆದುಕೊಂಡ ಸಿಟ್ಟನ್ನು ಅಲ್ಲಿ ತೀರಿಸಿಕೊಂಡರು.

ಉಳಿದ ಮಂದೆಗೆ ಮಾಂಸ, ಮಾರುಕಟ್ಟೆ ಅಂತ ರಾಂಬುಯೆ ಮುಂತಾದ ತಳಿ ಬೆರೆಸುವುದು ಮೊದಲೇ ಶುರುವಾಗಿತ್ತು. ಆ ಉಣ್ಣೆ ಗಿಡ್ಡ, ಗುಂಗುರು, ಜಿಡ್ಡು ಬೇರೆ. ಕೈಯಲ್ಲಿ ನೂಲುವವರಿಗೆ ಗೋಳು. 1970ರ ದಶಕದ ಹೊತ್ತಿಗೆ ಚುರ್ರೋ ಕುರಿಗಳು ಕೆಲವೇ ನೂರು ಉಳಿದಿದ್ದವು.

1977ರಲ್ಲಿ ಪಶು ವಿಜ್ಞಾನಿ ಲೈಲ್ ಮೆಕ್‌ನೀಲ್ ಅವುಗಳನ್ನು ಹುಡುಕಿ ಸಾಕಿ, ನವಾಹೋ ಮನೆಗಳಿಗೆ ಮರಳಿ ಕೊಡುವ ಕೆಲಸ ಶುರುಮಾಡಿದರು. 1991ರಲ್ಲಿ ನವಾಹೋಗಳದೇ ಸಂಘಟನೆಯೊಂದು ಹುಟ್ಟಿತು. ಹೆಸರು ದಿನೇ ಬೆ ಈನಾ. ತಳಿ ಸದ್ಯಕ್ಕೆ ಉಳಿದಿದೆ. ಆದರೆ ಒರಟು ಉಣ್ಣೆಗೆ ದೊಡ್ಡ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಕತ್ತರಿಸಿ, ತೊಳೆದು, ನೂಲಿ ಮಗ್ಗಕ್ಕೆ ಏರಿಸಲು ತಿಂಗಳುಗಳೇ ಬೇಕು. ಹಾಗಾಗಿ ಬಹಳಷ್ಟು ನೇಕಾರರು ಈಗ ಗಿರಣಿಯ ನೂಲನ್ನೇ ಕೊಳ್ಳುತ್ತಾರೆ.