ಹೆಲ್ಮೆಟ್ ಕಳಚಿದ ವಿಜ್ಞಾನಿಗಳು

ರಿಡ್ಲಿ ಸ್ಕಾಟ್ ನಿರ್ದೇಶನದ ‘ಪ್ರಮೀಥಿಯಸ್’ ಚಿತ್ರ 2012ರಲ್ಲಿ ತೆರೆಗೆ ಬಂದಾಗ ನೋಡಿದವರ ಅಭಿಪ್ರಾಯ ಎರಡು ಹೋಳಾಯಿತು. 1979ರ ‘ಏಲಿಯನ್’ ಚಿತ್ರದ ಕಥೆಗೂ ಮೊದಲು ಏನು ನಡೆದಿತ್ತು ಎಂಬುದನ್ನು ಹೇಳಲು ಹೊರಟ ಈ ಪೂರ್ವಕಥೆ ಜಗತ್ತಿನಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿತು. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ನಾಲ್ಕು ತಾರೆ ಕೊಟ್ಟರು. ಇಷ್ಟಾಗಿಯೂ ಅದನ್ನು ನೋಡಿ ಬಂದವರಲ್ಲಿ ಬಹಳ ಮಂದಿ ಅಸಮಾಧಾನದಿಂದ ಕೇಳಿದ್ದು ಒಂದೇ ಪ್ರಶ್ನೆ: ವಿಜ್ಞಾನಿಗಳೆನಿಸಿಕೊಂಡವರು ಹೀಗೆಲ್ಲ ನಡೆದುಕೊಳ್ಳುತ್ತಾರೆಯೇ?

ಕಳೆದ ಮಳೆಗಾಲದ ಒಂದು ಭಾನುವಾರ, ಹಾಸನದ ನಮ್ಮ ಮನೆಯ ಮಹಡಿಯಲ್ಲಿ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರ್ ಹಾಯಿಸಿ ಈ ಚಿತ್ರವನ್ನು ಹತ್ತು ಮಂದಿ ಒಟ್ಟಿಗೆ ನೋಡಿದೆವು. ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ ಗೆಳೆಯರೊಬ್ಬರು, ಉಪಗ್ರಹಗಳ ನಿಯಂತ್ರಣದ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾದ ನೆರೆಮನೆಯವರು, ಕೊಪ್ಪದ ಕಡೆ ದಾದಿಯಾಗಿದ್ದ ನನ್ನ ಅತ್ತಿಗೆ, ಹೀಗೆ ಬೇರೆ ಬೇರೆ ಬದುಕಿನಿಂದ ಬಂದವರು ಅಲ್ಲಿದ್ದರು. ಚಿತ್ರ ಮುಗಿದ ಮೇಲೆ ನಡೆದ ಮಾತುಕತೆಯನ್ನು ಕೇಳುತ್ತ ಕುಳಿತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪ್ರೇಕ್ಷಕರು ಅಸಾಧ್ಯವಾದದ್ದನ್ನು ಸುಲಭವಾಗಿ ಒಪ್ಪುತ್ತಾರೆ, ಆದರೆ ಅಜಾಗರೂಕತೆಯನ್ನು ಒಪ್ಪುವುದಿಲ್ಲ. ಇದು ಸಿನಿಮಾದ ಬಗೆಗಿನ ಮಾತಷ್ಟೇ ಅಲ್ಲ, ವಿಜ್ಞಾನವೆಂದರೆ ಏನೆಂದು ಸಾಮಾನ್ಯ ಜನ ಎಷ್ಟು ಸರಿಯಾಗಿ ತಿಳಿದಿದ್ದಾರೆ ಎಂಬುದಕ್ಕೆ ಸಾಕ್ಷಿಯೂ ಹೌದು ಎಂದು ನಾನು ನಂಬಿದ್ದೇನೆ.

ಅಸಾಧ್ಯವಾದದ್ದರ ಮಾತನ್ನು ಮೊದಲು ನೋಡೋಣ. 2093ರಲ್ಲಿ ವಿಜ್ಞಾನಿಗಳ ತಂಡವನ್ನು ಹೊತ್ತ ಗಗನನೌಕೆ ತನ್ನ ಗುರಿಯಾದ ಅನ್ಯಲೋಕವನ್ನು ಸಮೀಪಿಸುವಾಗ ಅದು ಭೂಮಿಯಿಂದ 327 ಲಕ್ಷ ಕೋಟಿ ಕಿಲೋಮೀಟರ್ ದೂರದಲ್ಲಿದೆ ಎಂದು ಪರದೆಯ ಮೇಲೆ ಬರಹ ಮೂಡುತ್ತದೆ. ನೆರೆಮನೆಯವರು ಕೂಡಲೇ ಕಾಗದ ತೆಗೆದುಕೊಂಡರು. ಬೆಳಕು ಒಂದು ವರ್ಷದಲ್ಲಿ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್ ಸಾಗುತ್ತದೆ, ಆದ್ದರಿಂದ ಈ ದೂರ ಸುಮಾರು ಮೂವತ್ತನಾಲ್ಕೂವರೆ ಜ್ಯೋತಿರ್ವರ್ಷ. ಪಯಣಕ್ಕೆ ಹಿಡಿದದ್ದು ಎರಡು ವರ್ಷ ನಾಲ್ಕು ತಿಂಗಳ ಚಿಲ್ಲರೆ. ಅಂದರೆ ನೌಕೆ ಬೆಳಕಿಗಿಂತ ಹದಿನಾಲ್ಕು ಪಟ್ಟು ವೇಗವಾಗಿ ಸಾಗಿರಬೇಕು. ನಮಗೆ ತಿಳಿದಿರುವ ಭೌತವಿಜ್ಞಾನ ಇದಕ್ಕೆ ಅವಕಾಶ ಕೊಡುವುದಿಲ್ಲ. ಅದೇ ಚಿತ್ರದಲ್ಲಿ ಒಂದು ಪಾತ್ರ ತಾವು ಭೂಮಿಯಿಂದ ಐವತ್ತು ಕೋಟಿ ಮೈಲಿ ದೂರವಿದ್ದೇವೆ ಎನ್ನುತ್ತದೆ. ಅದು ಎಂಬತ್ತು ಕೋಟಿ ಕಿಲೋಮೀಟರ್, ಗುರುಗ್ರಹದ ಕಕ್ಷೆಯನ್ನು ತುಸು ದಾಟಿದಷ್ಟು ದೂರ ಮಾತ್ರ. ಖಭೌತವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಈ ತಪ್ಪನ್ನು ಅಂದೇ ಎತ್ತಿ ತೋರಿಸಿದ್ದರು. ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಒಂದು ಆದೇಶ ತಲುಪಲು ಒಂದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಸಮಯ ಸಾಕು. ಚಿತ್ರದ ನೌಕೆಗೆ ಅದೇ ಆದೇಶ ಮುಟ್ಟಲು ಒಂದು ತಲೆಮಾರು ಕಾಯಬೇಕು. ಇಷ್ಟೆಲ್ಲ ಲೆಕ್ಕ ಹಾಕಿದ ನೆರೆಮನೆಯವರು ಕಾಗದ ಮಡಚಿಟ್ಟು, “ಇದೆಲ್ಲ ಇರಲಿ ಬಿಡಿ, ಹೋಗದೆ ಕಥೆಯೇ ಇಲ್ಲವಲ್ಲ” ಎಂದರು. ಬೆಳಕಿನ ವೇಗವನ್ನು ಮೀರಿದ್ದನ್ನು ಯಾರೂ ಆಕ್ಷೇಪಿಸಲಿಲ್ಲ.

ಆಕ್ಷೇಪ ಎದ್ದದ್ದು ಹೆಲ್ಮೆಟ್ ಕಳಚಿದಾಗ. ಆ ಲೋಕದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 3ಕ್ಕಿಂತ ಹೆಚ್ಚಿದೆ, ಉಡುಗೆಯಿಲ್ಲದೆ ಎರಡು ನಿಮಿಷದಲ್ಲಿ ಸಾವು ಎಂದು ಮೊದಲು ಎಚ್ಚರಿಸುತ್ತಾರೆ. ಈ ಮಾತೂ ಅಷ್ಟು ಸರಿಯಲ್ಲ. ನಾವು ಹೊರಬಿಡುವ ಉಸಿರಿನಲ್ಲೇ ಸುಮಾರು ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಶೇಕಡಾ 3 ಇರುವ ಗಾಳಿಯಲ್ಲಿ ಏದುಸಿರು ಬರುತ್ತದೆ, ತಲೆನೋವು ಶುರುವಾಗುತ್ತದೆ, ಆದರೆ ಎರಡು ನಿಮಿಷದಲ್ಲಿ ಯಾರೂ ಸಾಯುವುದಿಲ್ಲ. ಅದು ಹಾಗಿರಲಿ. ಪುರಾತನ ಕಟ್ಟಡದ ಒಳಗೆ ಹೋದ ಮೇಲೆ ಅಲ್ಲಿನ ಗಾಳಿ ಉಸಿರಾಡಲು ತಕ್ಕುದಾಗಿದೆ ಎಂದು ಉಪಕರಣ ತೋರಿಸಿದ ಕೂಡಲೇ ಒಬ್ಬ ಹೆಲ್ಮೆಟ್ ತೆಗೆಯುತ್ತಾನೆ, ಅವನ ಹಿಂದೆ ಉಳಿದವರೂ ತೆಗೆಯುತ್ತಾರೆ. ನನ್ನ ಅತ್ತಿಗೆ ಕುಳಿತಲ್ಲೇ “ಅಯ್ಯೋ, ಗಾಳಿ ಸರಿಯಿದ್ದರೆ ಸಾಕೇ, ಗಾಳಿಯಲ್ಲಿ ಏನಿದೆ ಅಂತ ಯಾರು ನೋಡಿದರು?” ಎಂದರು.

ಅವರ ಈ ಉದ್ಗಾರದ ಹಿಂದೆ ಮಲೆನಾಡಿನ ಅನುಭವವಿದೆ. ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದಂದಿನಿಂದ ಇಂದಿನವರೆಗೆ, ಸೊಪ್ಪು ಸೌದೆಗೆಂದು ಕಾಡಿಗೆ ಹೋಗುವವರಿಗೆ ಆರೋಗ್ಯ ಕಾರ್ಯಕರ್ತರು ಹೇಳುತ್ತ ಬಂದಿರುವುದು ಒಂದೇ ಮಾತು: ಹೋಗುವ ಮುನ್ನ ಉಣುಗು ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೈಮೇಲೆ ಉಣುಗು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಎಳೆಯ ಉಣುಗು ಸಾಸಿವೆಗಿಂತಲೂ ಚಿಕ್ಕದು, ಬರಿಗಣ್ಣಿಗೆ ಸಲೀಸಾಗಿ ಕಾಣುವುದಿಲ್ಲ. ಕಾಣದ್ದು ಇಲ್ಲವೆಂದಲ್ಲ ಎಂಬುದನ್ನು ಕೊಪ್ಪದ ಕೂಲಿ ಹೆಣ್ಣುಮಗಳು ಬಲ್ಲಳು. ಕೋಟ್ಯಂತರ ಡಾಲರಿನ ಯಾತ್ರೆಗೆ ಆಯ್ಕೆಯಾದ ಜೀವವಿಜ್ಞಾನಿಗೆ ಅದು ತಿಳಿಯದು ಎಂದಾಗ ನೋಡುವವರ ನಂಬಿಕೆ ಮುರಿಯುತ್ತದೆ. ನಿಜವಾದ ಗಗನಯಾತ್ರೆಯ ಇತಿಹಾಸವೂ ಅತ್ತಿಗೆಯ ಪರವಾಗಿಯೇ ಇದೆ. 1969ರ ಜುಲೈನಲ್ಲಿ ಚಂದ್ರನವರೆಗೆ ಹೋಗಿ ಬಂದ ಅಪೊಲೊ 11ರ ಮೂವರನ್ನು, ಚಂದ್ರನಿಂದ ಹೊರಟ ದಿನದಿಂದ ಲೆಕ್ಕ ಹಿಡಿದು 21 ದಿನ ಹೊರಗಿನವರು ಮುಟ್ಟದಂತೆ ಪ್ರತ್ಯೇಕವಾಗಿ ಇರಿಸಿದ್ದರು. ಗಾಳಿಯಿಲ್ಲದ, ಹರಿಯುವ ನೀರಿಲ್ಲದ ಚಂದ್ರನಲ್ಲಿ ರೋಗಾಣು ಇರಲಾರದೆಂದು ಬಹುತೇಕ ಎಲ್ಲ ವಿಜ್ಞಾನಿಗಳಿಗೂ ಅನ್ನಿಸಿತ್ತು, ಆದರೂ ಪರೀಕ್ಷಿಸದೆ ಬಿಡಲಿಲ್ಲ. ಅಪೊಲೊ 14ರ ತನಕ ಪರೀಕ್ಷಿಸಿ, ಏನೂ ಸಿಗದ ಮೇಲೆಯೇ ಆ ಕಟ್ಟುಪಾಡನ್ನು ಕೈಬಿಟ್ಟರು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2017ರ ಸೆಪ್ಟೆಂಬರ್ 15ರಂದು ಕ್ಯಾಸಿನಿ ನೌಕೆಯನ್ನು ಶನಿಗ್ರಹದೊಳಕ್ಕೆ ಬೀಳಿಸಿ ಸುಟ್ಟುಬಿಟ್ಟದ್ದು, ಇಂಧನ ಮುಗಿದ ಮೇಲೆ ಅದು ಎನ್ಸೆಲಾಡಸ್‌ನಂಥ ಶನಿಯ ಚಂದ್ರನೊಂದಕ್ಕೆ ಅಪ್ಪಳಿಸಿ ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿನ ನೀರಿಗೆ ಸೇರಿಸೀತೆಂಬ ಭಯದಿಂದ. ನಾವು ಅಲ್ಲಿಂದ ಏನು ತರುತ್ತೇವೆ ಎಂಬುದರಷ್ಟೇ ಮುಖ್ಯ, ನಾವು ಅಲ್ಲಿಗೆ ಏನು ಒಯ್ಯುತ್ತೇವೆ ಎಂಬುದು.

ಬೆಳೆಗಾರ ಗೆಳೆಯರಿಗೆ ಈ ಎರಡನೆಯ ಮಗ್ಗುಲು ಕೂಡಲೇ ಅರ್ಥವಾಯಿತು. ಕಾಫಿಯ ಬೆರ್ರಿ ಬೋರರ್ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎಳ್ಳಿನ ಕಾಳಿನಷ್ಟಿರುವ ಆ ದುಂಬಿ ತೋಟದಿಂದ ತೋಟಕ್ಕೆ ದಾಟುವುದು ಹೆಚ್ಚಾಗಿ ಗೋಣಿಚೀಲ ಮತ್ತು ಕೊಯ್ಲಿನ ಸಾಮಾನುಗಳ ಜೊತೆ. ಬೇರೆ ತೋಟದ ಚೀಲವನ್ನು ಕೊಡವಿ ನೋಡದೆ ತಮ್ಮ ಗೇಟಿನೊಳಗೆ ಬಿಡದ ಆ ಗೆಳೆಯರಿಗೆ, ಅನ್ಯಲೋಕದ ಸತ್ತ ಜೀವಿಯೊಂದರ ತಲೆಯನ್ನು ನೌಕೆಯ ಒಳಕ್ಕೇ ಹೊತ್ತು ತಂದದ್ದು ಸಹಿಸಲಿಲ್ಲ. ಇನ್ನೂ ಸಹಿಸದೇ ಹೋದದ್ದು ಹಾವಿನಂಥ ಜೀವಿಯ ದೃಶ್ಯ. ಕಪ್ಪು ದ್ರವದಿಂದ ಮೇಲೆದ್ದ ಬಿಳಿಯ ಜೀವಿ ತಲೆಯ ಇಕ್ಕೆಲವನ್ನೂ ಹೆಡೆಯಂತೆ ಅರಳಿಸಿ ನಿಲ್ಲುತ್ತದೆ, ಜೀವವಿಜ್ಞಾನಿ ಅದನ್ನು ಮುದ್ದಿನ ಮಾತಾಡಿಸುತ್ತ ಕೈ ಚಾಚುತ್ತಾನೆ. ಕಾಳಿಂಗ ಸರ್ಪ ಮೈಯ ಮೂರನೇ ಒಂದು ಭಾಗವನ್ನು ನೆಲದಿಂದ ಮೇಲೆತ್ತಿ ಹೆಡೆ ಬಿಚ್ಚಿದರೆ ಅದರ ಅರ್ಥವೇನೆಂದು ನಮ್ಮ ತೋಟದ ಮಕ್ಕಳಿಗೂ ಗೊತ್ತು. ದೇಹವನ್ನು ದೊಡ್ಡದಾಗಿ ತೋರಿಸಿ ಎದುರಾಳಿಯನ್ನು ಹಿಮ್ಮೆಟ್ಟಿಸುವ ಈ ಎಚ್ಚರಿಕೆ ಹಾವು, ಓತಿ, ಬೆಕ್ಕು, ಹಕ್ಕಿ ಎಲ್ಲದರಲ್ಲೂ ಬೇರೆ ಬೇರೆಯಾಗಿ ವಿಕಾಸಗೊಂಡಿದೆ. ಅನ್ಯಲೋಕದ ಜೀವಿಗೆ ಅದೇ ಭಾಷೆ ಇರಲೇಬೇಕೆಂದಿಲ್ಲ ನಿಜ, ಆದರೆ ಗೊತ್ತಿಲ್ಲದ ಭಾಷೆಯ ಎದುರು ಹಿಂದೆ ಸರಿದು ನಿಲ್ಲುವುದು ಜೀವವಿಜ್ಞಾನದ ಮೊದಲ ಪಾಠ.

ಉರುಳಿ ಬರುವ ನೌಕೆಯ ಮುಂದೆ ಪಕ್ಕಕ್ಕೆ ಸರಿಯದೆ ನೇರವಾಗಿ ಓಡುವ ದೃಶ್ಯದ ಬಗ್ಗೆ ಎಲ್ಲ ದೇಶಗಳ ಪ್ರೇಕ್ಷಕರೂ ಹೇಳಿದ್ದನ್ನೇ ನಮ್ಮವರೂ ಹೇಳಿದರು. ಇಳಿಜಾರಿನಲ್ಲಿ ಸಿಲ್ವರ್ ಓಕ್ ದಿಮ್ಮಿ ಜಾರಿದಾಗ ಯಾರೂ ಅದರ ಮುಂದೆ ಓಡುವುದಿಲ್ಲ, ಬದಿಗೆ ಹಾರುತ್ತಾರೆ. ಆದರೆ ಪ್ರಾಣಭಯದಲ್ಲಿ ಮನುಷ್ಯ ತಪ್ಪು ಮಾಡುವುದು ಸಹಜವಾದ್ದರಿಂದ ಈ ಆಕ್ಷೇಪವನ್ನು ನಾನು ಅಷ್ಟಾಗಿ ಎಣಿಸುವುದಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೊಂದು ಮಾತು. ಬೇರೆ ಬೇರೆ ಪ್ರಾಚೀನ ನಾಗರಿಕತೆಗಳ ಚಿತ್ರಗಳಲ್ಲಿ ಒಂದೇ ನಕ್ಷತ್ರಪುಂಜ ಕಾಣುತ್ತದೆ, ಅದು ನಮ್ಮನ್ನು ಸೃಷ್ಟಿಸಿದ ‘ಎಂಜಿನಿಯರ್’ಗಳ ಆಹ್ವಾನ ಎಂದು ನಾಯಕಿ ಎಲಿಜಬೆತ್ ಶಾ ಹೇಳುತ್ತಾಳೆ. ಇದಕ್ಕೆ ಆಧಾರವೇನೆಂದು ಸಹೋದ್ಯೋಗಿ ಕೇಳಿದರೆ, ಆಧಾರವಿಲ್ಲ, ತಾನು ಹಾಗೆ ನಂಬಲು ಬಯಸುತ್ತೇನೆ ಎನ್ನುವುದೇ ಅವಳ ಉತ್ತರ. ಹಳೇಬೀಡಿನಲ್ಲಿ ನಾನು ಇದೇ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. 1121ರ ಸುಮಾರಿಗೆ ಕೆಲಸ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ಕಂಬಗಳನ್ನು ತೋರಿಸಿ, ಇಷ್ಟು ನುಣುಪಾಗಿ ಮನುಷ್ಯರು ಮಾಡಲು ಸಾಧ್ಯವೇ, ಹೊರಗಿನಿಂದ ಯಾರೋ ಬಂದಿರಬೇಕು ಎನ್ನುವವರಿದ್ದಾರೆ. ಆ ಕಂಬದ ಹತ್ತಿರ ಹೋಗಿ ನೋಡಿದರೆ ಸುತ್ತಲೂ ಸಮಾನಾಂತರವಾಗಿ ಹಾಯ್ದ ಗೆರೆಗಳು ಬೆರಳಿಗೆ ಸಿಗುತ್ತವೆ. ಕಲ್ಲನ್ನು ಚರಕಿಗೆ ಕೊಟ್ಟು ತಿರುಗಿಸಿ ಕಡೆದ ಗುರುತು ಅವು. ಬಳಪದ ಕಲ್ಲು ನೆಲದಿಂದ ಹೊರತೆಗೆದ ಹೊಸತರಲ್ಲಿ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದರಿಂದ ಅಂಥ ಕೆತ್ತನೆ ಸಾಧ್ಯವಾಯಿತು. ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೇ ಕೆತ್ತಿಟ್ಟು ಹೋಗಿದ್ದಾರೆ. ಹೆಸರು ಬರೆದಿಟ್ಟವರ ಕೆಲಸವನ್ನು ಆಕಾಶದವರಿಗೆ ಒಪ್ಪಿಸುವುದು ನನಗೆ ನೋವಿನ ಸಂಗತಿ. ಹಾಗಾಗಿ ಶಾಳ ಉತ್ತರವನ್ನು ಕೇಳಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು, “ಸರ್, ಹಾಗಾದರೆ ಅವರು ಯಾಕೆ ಅಷ್ಟು ದೂರ ಹೋದರು?” ಎಂದು ಕೇಳಿದ್ದು ತುಂಬ ಹಿಡಿಸಿತು.

ಹಾಗೆಂದು ಜೀವ ಬೇರೆಡೆಯಿಂದ ಬಂದಿರಬಹುದೆಂಬ ವಿಚಾರವೇ ಹುರುಳಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ಡಿಎನ್‌ಎಯ ರಚನೆಯನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ ಅವರೊಡನೆ 1973ರಲ್ಲಿ ಇದನ್ನೇ ಒಂದು ಗಂಭೀರ ಊಹೆಯಾಗಿ ಮಂಡಿಸಿದರು: ಯಾವುದೋ ಮುಂದುವರಿದ ನಾಗರಿಕತೆ ಸೂಕ್ಷ್ಮಜೀವಿಗಳನ್ನು ನೌಕೆಯಲ್ಲಿಟ್ಟು ಬೇಕೆಂದೇ ಕಳಿಸಿರಬಹುದು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲಗಳು ಸಿಕ್ಕವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ತಂದ ಮಣ್ಣಿನಲ್ಲಿ, ನಮ್ಮ ದೇಹದ ಪ್ರೋಟೀನುಗಳು ಬಳಸುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಹದಿನಾಲ್ಕು ಇದ್ದವೆಂದು 2025ರಲ್ಲಿ ಪ್ರಕಟವಾಯಿತು. ಜೀವಕ್ಕೆ ಬೇಕಾದ ಇಟ್ಟಿಗೆಗಳು ಆಕಾಶದಲ್ಲಿ ಧಾರಾಳವಾಗಿವೆ ಎಂಬುದು ಈಗ ಊಹೆಯಲ್ಲ.

ಚಿತ್ರ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಐಸ್‌ಲೆಂಡಿನ ಡೆಟ್ಟಿಫಾಸ್ ಜಲಪಾತದಲ್ಲಿ ಚಿತ್ರಿಸಿದ ಆರಂಭದ ದೃಶ್ಯ ನಿಜಕ್ಕೂ ಮೈ ಜುಮ್ಮೆನಿಸುತ್ತದೆ. ಒಬ್ಬ ಎಂಜಿನಿಯರ್ ಕಪ್ಪು ದ್ರವ ಕುಡಿದು, ಅವನ ದೇಹ ಚೂರುಚೂರಾಗಿ ನೀರಿಗೆ ಬಿದ್ದು, ಒಡೆದ ಡಿಎನ್‌ಎ ಎಳೆಗಳು ಮತ್ತೆ ಹೆಣೆದುಕೊಳ್ಳುತ್ತವೆ. ಆಮೇಲೆ ಅವರ ಡಿಎನ್‌ಎಯೂ ನಮ್ಮದೂ ಪೂರ್ತಿ ಹೊಂದುತ್ತವೆ ಎಂದು ತೋರಿಸುತ್ತಾರೆ. ಇದು ಸಾಧ್ಯವೇ ಇಲ್ಲ. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಕೂಡ ಸಾವಿರಕ್ಕೆ ಸುಮಾರು ಒಂದು ಅಕ್ಷರದಷ್ಟು ಬೇರೆಯಾಗಿರುತ್ತದೆ. ಚಿಂಪಾಂಜಿಗಳ ಪೂರ್ವಜರಿಂದ ನಾವು ಬೇರೆಯಾಗಿ ಅರುವತ್ತೆಪ್ಪತ್ತು ಲಕ್ಷ ವರ್ಷಗಳಾಗಿದ್ದು, ಅಷ್ಟರಲ್ಲೇ ನೂರಕ್ಕೆ ಒಂದು ಅಕ್ಷರಕ್ಕೂ ಮಿಕ್ಕು ವ್ಯತ್ಯಾಸ ಸೇರಿದೆ. ಮುನ್ನೂರು ಕೋಟಿ ವರ್ಷಗಳ ಹಿಂದೆ ನೀರಿಗೆ ಬಿದ್ದ ಡಿಎನ್‌ಎಯಿಂದ ಪಾಚಿ, ಅಣಬೆ, ಆನೆ, ಆಲದಮರ ಎಲ್ಲವೂ ಹುಟ್ಟಿ, ಕೊನೆಗೆ ಹುಟ್ಟಿದ ಒಂದು ಜೀವಿ ಮಾತ್ರ ಬಿತ್ತಿದವನ ತದ್ರೂಪವಾಗಿರಲು ಯಾವ ದಾರಿಯೂ ಇಲ್ಲ. ವಿಕಾಸಕ್ಕೆ ಮುಂದೆ ಹೋಗಿ ಮುಟ್ಟಬೇಕಾದ ಗುರಿ ಇರುವುದಿಲ್ಲ. ಪೂರ್ವಕಥೆ ಬರೆಯುವವರಿಗೆ ಮುಂದಿನ ಕಥೆ ಗೊತ್ತಿರುತ್ತದೆ, ಪ್ರಕೃತಿಗೆ ಗೊತ್ತಿರಲಿಲ್ಲ.

ಪೂರ್ವಕಥೆಯನ್ನು ಹುಡುಕುವುದಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹಾಸನದಿಂದ ಸುಮಾರು ಅರ್ಧ ತಾಸಿನ ದಾರಿಯಲ್ಲಿರುವ ಗೊರೂರಿನ ‘ನೈಸ್’ ಎಂಬ ಪಟ್ಟೆಪಟ್ಟೆಯ ಶಿಲೆ ಸುಮಾರು 330 ಕೋಟಿ ವರ್ಷ ಹಳೆಯದು, ಭಾರತದ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದ್ದು. ಬಂಡೆಯೊಳಗಿನ ರುಬಿಡಿಯಂ ನಿಧಾನವಾಗಿ ಸ್ಟ್ರಾನ್ಷಿಯಂ ಆಗಿ, ಯುರೇನಿಯಂ ಸೀಸವಾಗಿ ಬದಲಾಗುವ ದರ ಗೊತ್ತಿರುವುದರಿಂದ ಇಂಥ ವಯಸ್ಸನ್ನು ಲೆಕ್ಕ ಹಾಕಬಹುದು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ಕಬ್ಬಿಣ ಮತ್ತು ಸಿಲಿಕಾ ಪಟ್ಟೆಪಟ್ಟೆಯಾಗಿ ಕೂಡಿದ ಶಿಲೆಗಳಿವೆ. ಅವು 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕೂಡಿದಂಥವು. ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಕೆಳಗಿಳಿಯಲು ಆ ಕಾಲದ ಸೂಕ್ಷ್ಮಜೀವಿಗಳೂ ಕಾರಣವೆಂದು ಅನೇಕ ಭೂವಿಜ್ಞಾನಿಗಳು ಭಾವಿಸುತ್ತಾರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಬಳಿ, ಅಷ್ಟೇ ಪುರಾತನ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ.

ಮುಂದಿನ ಭಾನುವಾರ ಮಳೆ ಬಿಡುವು ಕೊಟ್ಟಿತು. ಮಕ್ಕಳನ್ನು ಕರೆದುಕೊಂಡು ಗೊರೂರಿಗೆ ಹೋದೆ. ಹೇಮಾವತಿಯ ದಂಡೆಯ ಹತ್ತಿರ ತೊಳೆದಂತಿದ್ದ ಒಂದು ಬಂಡೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಹಿಂಡಿದ ಬಟ್ಟೆಯ ನೆರಿಗೆಯಂತೆ ಬಳುಕಿದ್ದವು. ಒಂದು ಗುಲಾಬಿ ಬಣ್ಣದ ಎಳೆ ಆ ಪಟ್ಟೆಗಳನ್ನೆಲ್ಲ ಅಡ್ಡಲಾಗಿ ಕೊಯ್ದುಕೊಂಡು ಹೋಗಿತ್ತು. ಕಳೆದ ವಾರ ಶಾಳ ಬಗ್ಗೆ ಕೇಳಿದ್ದ ಹುಡುಗಿ ಮಂಡಿಯೂರಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ನಾನು ಏನೂ ಹೇಳಿರಲಿಲ್ಲ. “ಸರ್, ಈ ಕೆಂಪು ಎಳೆ ಪಟ್ಟೆಗಳನ್ನು ಕತ್ತರಿಸಿದೆ. ಅಂದರೆ ಪಟ್ಟೆ ಮೊದಲು, ಎಳೆ ಆಮೇಲೆ” ಎಂದಳು. ಹೇಗೆ ಹೇಳುತ್ತೀಯೆಂದು ಕೇಳಿದೆ. ಅವಳು ಒದ್ದೆ ಬೆರಳನ್ನು ಎಳೆ ಪಟ್ಟೆಯನ್ನು ದಾಟುವ ಜಾಗದ ಮೇಲೆ ಇಟ್ಟು, “ಇಲ್ಲದ್ದನ್ನು ಕತ್ತರಿಸಲು ಆಗುವುದಿಲ್ಲವಲ್ಲ, ಸರ್” ಎಂದಳು.