ಮನುಷ್ಯನ ಕಾಂಡಕೋಶಕ್ಕೂ ವಯಸ್ಸಿದೆ

1981ರಲ್ಲಿ ಇಲಿಯ ಭ್ರೂಣದಿಂದ ಮೊದಲ ಬಾರಿ ಕಾಂಡಕೋಶಗಳನ್ನು ತೆಗೆದು ಬೆಳೆಸಿದರು. ದೇಹದ ಯಾವ ಭಾಗ ಬೇಕಾದರೂ ಆಗಬಲ್ಲ ಕೋಶಗಳವು. ಮನುಷ್ಯನದ್ದು ಸಿಕ್ಕಿದ್ದು 1998ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ತಂಡಕ್ಕೆ.

ಎರಡೂ ಬಂದಿದ್ದು ಗರ್ಭಕೋಶಕ್ಕೆ ಅಂಟುವ ಮೊದಲಿನ ಭ್ರೂಣದಿಂದಲೇ. ಆದರೂ ಸ್ವಭಾವ ಬೇರೆ. ಇಲಿಯ ಕೋಶಗಳು ಗುಮ್ಮಟದಂತೆ ಗುಂಪುಗಟ್ಟುತ್ತವೆ, ಮನುಷ್ಯನವು ಚಪ್ಪಟೆಯಾಗಿ ಹರಡುತ್ತವೆ. ಇಲಿಯ ಕೋಶಗಳನ್ನು ಕಾಪಾಡುವ ಲಿಫ್ ಎಂಬ ಪ್ರೋಟೀನು ಮನುಷ್ಯನವಕ್ಕೆ ಸಾಲದು. ಪ್ರಾಣಿ ಬೇರೆ, ಅದಕ್ಕೇ ಹೀಗೆ ಅಂತ ತುಂಬ ಜನ ಅಂದುಕೊಂಡರು.

ಉತ್ತರ ಇಲಿಯಿಂದಲೇ ಬಂತು. 2007ರಲ್ಲಿ ಎರಡು ತಂಡಗಳು ಗರ್ಭಕೋಶಕ್ಕೆ ಅಂಟಿದ ನಂತರದ ಇಲಿ ಭ್ರೂಣದಿಂದ ಕೋಶ ತೆಗೆದವು. ಅವು ಹೆಚ್ಚುಕಡಿಮೆ ಮನುಷ್ಯನ ಕೋಶಗಳ ಹಾಗೇ ಇದ್ದವು! ಅಂದರೆ ಮನುಷ್ಯನ ಕೋಶಗಳು ತಟ್ಟೆಯಲ್ಲಿ ಬೆಳೆಯುವಾಗಲೇ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದವು. 2009ರಲ್ಲಿ ವಿಜ್ಞಾನಿಗಳಾದ ಜೆನಿಫರ್ ನಿಕೋಲ್ಸ್ ಮತ್ತು ಆಸ್ಟಿನ್ ಸ್ಮಿತ್ ಎಳೆಯ ಹಂತವನ್ನು ‘ನೈವ್’, ಮುಂದಿನದನ್ನು ‘ಪ್ರೈಮ್ಡ್’ ಎಂದು ಕರೆದರು. ಬೆಳೆದ ಕೋಶವನ್ನು ಮತ್ತೆ ಕಾಂಡಕೋಶವಾಗಿಸುವ ದಾರಿ ಕಂಡುಹಿಡಿದವರು ಜಪಾನಿನ ವಿಜ್ಞಾನಿ ಯಮನಕಾ. ಆ ದಾರಿಯಲ್ಲಿ ಮನುಷ್ಯನ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿದರೂ ಅದು ಸಾಮಾನ್ಯವಾಗಿ ನಿಲ್ಲುವುದು ಪ್ರೈಮ್ಡ್ ಹಂತದಲ್ಲೇ.

2014ರ ಹೊತ್ತಿಗೆ ಮನುಷ್ಯನ ಕೋಶಗಳನ್ನೂ ನೈವ್ ಹಂತಕ್ಕೆ ಮರಳಿಸುವ ದಾರಿ ಸಿಕ್ಕಿತು. ಆಗ ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳು (ಜೀನ್‌ಗಳನ್ನು ಸುಮ್ಮನಿರಿಸಬಲ್ಲ ಪುಟ್ಟ ರಾಸಾಯನಿಕ ಗುರುತುಗಳು) ಬಹುಪಾಲು ಅಳಿಸಿಹೋಗುತ್ತವೆ. ಹೆಣ್ಣು ಕೋಶದಲ್ಲಿ ಸುಮ್ಮನಿದ್ದ ಎಕ್ಸ್ ವರ್ಣತಂತು ಎಚ್ಚರಗೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಅಚ್ಚರಿ ತಂದಿದ್ದು ಇದರ ನಂತರದ ಸಂಗತಿ. ಎಳೆಯ ಕೋಶ ಅಂದರೆ ಏನು ಹೇಳಿದರೂ ಆಗಬೇಕು, ಅಲ್ವಾ? ಹಾಗಾಗಲಿಲ್ಲ. ನರಕೋಶವಾಗು ಎಂದು ಸಂಕೇತ ಕೊಟ್ಟರೆ ನೈವ್ ಕೋಶ ಸರಿಯಾಗಿ ಸ್ಪಂದಿಸುವುದಿಲ್ಲ. ಮೊದಲು ಹಲವು ದಿನ ಅದು ಹದಗೊಳ್ಳಬೇಕು. ಭ್ರೂಣದಲ್ಲೂ ಹಾಗೆಯೇ. ಈ ಹದಕ್ಕೆ ಇಲಿಗೆ ಸುಮಾರು ಎರಡು ದಿನ ಸಾಕು, ಮನುಷ್ಯನಿಗೆ ವಾರವೇ ಬೇಕು.

ಆದರೆ ಒಂದು ಕೆಲಸಕ್ಕೆ ಮನುಷ್ಯನ ನೈವ್ ಕೋಶ ಆಗಲೇ ಸಿದ್ಧ. ಭ್ರೂಣದ ಕಾಂಡಕೋಶಗಳು ದೇಹವಾಗಬಲ್ಲವು, ಮಾಸು (ಗರ್ಭದಲ್ಲಿ ಮಗುವಿಗೆ ಆಹಾರ ಒದಗಿಸುವ ಅಂಗ) ಆಗಲಾರವು ಅಂತ ಪಠ್ಯಪುಸ್ತಕಗಳು ಹೇಳುತ್ತಿದ್ದವು. 2020–21ರ ಹೊತ್ತಿಗೆ ಆ ಗೆರೆ ಅಳಿಸಿತು. ಮನುಷ್ಯನ ನೈವ್ ಕೋಶಗಳು ಮಾಸಿನ ಮೂಲಕೋಶಗಳಾಗಿ ಸಲೀಸಾಗಿ ಬದಲಾದವು. ಇಲಿಯ ಕೋಶಗಳಿಗೆ ಇದು ಹೀಗೆ ಸುಲಭವಲ್ಲ.

ಒಂದು ತೊಡಕು ಇನ್ನೂ ಇದೆ. ನೈವ್ ಹಂತಕ್ಕೆ ಮರಳುವಾಗ ಕೆಲವು ಜೀನ್‌ಗಳು ತಂದೆಯಿಂದ ಬಂದವೋ ತಾಯಿಯಿಂದ ಬಂದವೋ ಎಂದು ತಿಳಿಸುವ ಗುರುತುಗಳೂ ಅಳಿಯುತ್ತವೆ. ಪ್ರೈಮ್ಡ್ ಹಂತಕ್ಕೆ ವಾಪಸ್ ತಂದರೂ ಅವು ತಿರುಗಿ ಬರುವುದಿಲ್ಲ. ಹಾಗಾಗಿ ಚಿಕಿತ್ಸೆಯ ಪ್ರಯೋಗಗಳು ಹೆಚ್ಚಾಗಿ ಪ್ರೈಮ್ಡ್ ಕೋಶಗಳಿಂದಲೇ ಶುರುವಾಗುತ್ತವೆ.